ಇಬ್ಬರ ಓದು

ಎಂ.ಎ. ಇತಿಹಾಸಕ್ಕೆ ಸೇರಿದಾಗ ಮಾದಾಪುರದ ಕುಸುಮಾಗೆ ನಲವತ್ತು ದಾಟಿತ್ತು. ಮೊದಲ ದಿನ ತರಗತಿಯ ಹುಡುಗಿಯರು ಅವಳನ್ನು ಪಾಠ ಮಾಡಲು ಬಂದವಳೆಂದು ತಿಳಿದು ಎದ್ದು ನಿಂತರು. ಆಮೇಲೆ ಆಂಟಿ ಎಂದು ಕರೆದು ಬೆಂಚಿನಲ್ಲಿ ಜಾಗ ಕೊಟ್ಟರು. ಗಂಡ ನಂಜಪ್ಪ ಓದು ಬೇಡವೆಂದವನಲ್ಲ. ಅದರ ಜೊತೆಗೆ ಶಾಸನಶಾಸ್ತ್ರದ ಡಿಪ್ಲೊಮಾಕ್ಕೂ ಹೆಸರು ಬರೆಸಿ ಬಂದಾಗ ಮಾತ್ರ, ಕಾಫಿ ಕುಯ್ಲು ಶುರುವಾದರೆ ಹೇಗೆ ಸುಧಾರಿಸುತ್ತೀಯ ಎಂದು ಕೇಳಿದ. ಒಂದು ತನ್ನದು, ಇನ್ನೊಂದು ಅಮೃತಾಳದು ಎಂದಳು ಕುಸುಮಾ. ಅವನು ಮತ್ತೆ ಆ ಮಾತೆತ್ತಲಿಲ್ಲ.

ಅಮೃತಾ ಅವಳ ಒಬ್ಬಳೇ ತಂಗಿ. ಹೊಲದ ಬದುವಿನಲ್ಲಿ ಕಲ್ಲು ಕಂಡರೂ ಪಾಚಿ ಕೆರೆದು, ಅಕ್ಷರವಿದೆಯೇ ಎಂದು ಬೆರಳಾಡಿಸಿ ನೋಡುವವಳು. ಅವಳು ವಿಶ್ವವಿದ್ಯಾಲಯಕ್ಕೆ ಸೇರಬೇಕಿದ್ದ ವರ್ಷದ ಆಗಸ್ಟ್‌ನಲ್ಲಿ ತವರಿನ ಹಿಂದಿನ ಗುಡ್ಡ ಜರುಗಿ, ಮನೆಯನ್ನು ಹೊತ್ತುಕೊಂಡು ಕೆಳಗಿನ ಕಣಿವೆಗೆ ಇಳಿಯಿತು. ತಾಯಿ ವಿಮಲಮ್ಮ ಆ ದಿನ ಹಿರಿಮಗಳ ಮನೆಯಲ್ಲಿದ್ದುದರಿಂದ ಉಳಿದರು. ಎಷ್ಟು ಮಣ್ಣು ತೆಗೆದರೂ ಅಮೃತಾ ಸಿಗಲಿಲ್ಲ. ಕಣ್ಣಾರೆ ಕಾಣದೆ ಸಾವಿನ ಯಾವ ಕಾರ್ಯವನ್ನೂ ಮಾಡಕೂಡದೆಂದು ವಿಮಲಮ್ಮ ಹಟ ಹಿಡಿದರು. ಅವರು ಕುಸುಮಾಳ ಜೊತೆಯಲ್ಲೇ ಉಳಿದುಬಿಟ್ಟರು. ವರ್ಷಗಳು ಕಳೆದರೂ ಆ ಮನೆಯಲ್ಲಿ ಅಮೃತಾಳ ಬಗ್ಗೆ 'ಇದ್ದಳು' ಎಂದು ಯಾರೂ ಹೇಳುವಂತಿರಲಿಲ್ಲ.

ಅಮೃತಾಳಿಗೆ ಗಟ್ಟಿಯಾಗಿ ಓದುವ ಅಭ್ಯಾಸ. ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತ, ಸಾಲಿನ ಕೊನೆಯ ಪದವನ್ನು ಕೊಂಚ ಎಳೆದು ಓದುತ್ತಿದ್ದಳು. ಸುಂಟಿಕೊಪ್ಪದಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತು ಪುಸ್ತಕ ತೆರೆದ ಮೊದಲ ವಾರವೇ ಕುಸುಮಾಳಿಗೆ ಅದು ಕೇಳಿಸಿತು. ಓದುತ್ತಿದ್ದದ್ದು ಅವಳ ಕಣ್ಣು, ಒಳಗೆ ಕೇಳುತ್ತಿದ್ದದ್ದು ತಂಗಿಯ ದನಿ. ಮೊದಮೊದಲು ಅದು ಹಿತವಾಗಿತ್ತು.

ಡಿಸೆಂಬರ್ ಬಂತು. ಬೆಳಿಗ್ಗೆ ಕುಯ್ಲಿನ ಆಳುಗಳಿಗೆ ತಿಂಡಿ ಮಾಡಿಟ್ಟು ಬಸ್ಸು ಹಿಡಿಯಬೇಕು. ಒಂದು ಕಡೆ ಸೆಮಿನಾರ್, ಇನ್ನೊಂದು ಕಡೆ ಅಸೈನ್‌ಮೆಂಟ್. ಹುಡುಗಿಯರು ಫೋನಿಗೆ ಕಳಿಸುವ ಇಂಗ್ಲಿಷ್ ಪುಟಗಳು ಕನ್ನಡಕ ಹಾಕಿದರೂ ಸರಿಯಾಗಿ ಕಾಣುತ್ತಿರಲಿಲ್ಲ. ಮಧ್ಯಾಹ್ನ ಡಿಪ್ಲೊಮಾದ ಹಳೆ ಲಿಪಿ. ಭಾನುವಾರ ಕಣದಲ್ಲಿ ಕಾಫಿ ಹರವುತ್ತ ಸಾಮ್ರಾಜ್ಯಗಳ ಹೆಸರುಗಳನ್ನು ಗೊಣಗುತ್ತಿದ್ದಳು. ಓದು ಹಿಂದೆ ಬಿದ್ದಷ್ಟೂ ದನಿ ಅವಸರ ಮಾಡತೊಡಗಿತು. ಅವಳು ಒಂದು ಸಾಲಿನಲ್ಲಿ ತಡವರಿಸಿದರೆ ಅದು ಮುಂದಿನ ಸಾಲಿಗೆ ಹೋಗಿ ಕಾಯುತ್ತಿತ್ತು. ಪುಸ್ತಕ ಮುಚ್ಚಿದರೂ ನಿಲ್ಲದಂತಾಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಂಜಪ್ಪ ಕರೆದರೆ, ತಡಿ, ಅವಳು ಓದಿ ಮುಗಿಸಲಿ ಎಂದು ಕೈ ತೋರಿಸಿದಳು. ಅವನು ಬೆದರಿ ಸುತ್ತ ನೋಡಿದ.

ಇಂಟರ್ನಲ್ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿದ ಮನೋರಮಾ ಮೇಡಂ ಅವಳನ್ನು ಕೋಣೆಗೆ ಕರೆಸಿಕೊಂಡರು. ವಯಸ್ಸಿನಲ್ಲಿ ಅವರು ಕುಸುಮಾಗಿಂತ ಚಿಕ್ಕವರು. ಪತ್ರಿಕೆಯನ್ನು ಅವಳತ್ತ ತಿರುಗಿಸಿ ಇಟ್ಟರು. ಹೆಸರಿನ ಜಾಗದಲ್ಲಿ ಅಮೃತಾ ಎಂದಿತ್ತು. ಹಾಗೆ ಬರೆದ ನೆನಪೇ ಕುಸುಮಾಳಿಗೆ ಇರಲಿಲ್ಲ. ಹೊರಗಿನ ಯಾರಿಗೂ ಹೇಳಿರದಿದ್ದ ಗುಡ್ಡದ ಕತೆಯನ್ನೆಲ್ಲ ಅವತ್ತು ಹೇಳಿದಳು.

ಮನೋರಮಾ, "ನೀವು ಓದಿ ಮುಗಿಸಿದ್ರೆ ಅವರು ಬರ್ತಾರೆ ಅಂದ್ಕೊಂಡಿದ್ದೀರಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಮೇಡಂ. ಬಿಟ್ರೆ ಹೋಗ್ಬಿಡ್ತಾಳೆ ಅಂತ."

ಎರಡು ಹೊರೆಯನ್ನು ಒಂದು ತಲೆ ಹೊರಲಾರದು, ಡಿಪ್ಲೊಮಾ ಬಿಡಿ, ಎಂ.ಎ.ಯಲ್ಲೂ ಒಂದು ಪೇಪರ್ ಮುಂದಿನ ವರ್ಷಕ್ಕಿರಲಿ ಎಂದರು ಮನೋರಮಾ. ಕುಸುಮಾ ಒಪ್ಪದೆ ಎದ್ದು ಬಂದಳು. ಮರುದಿನ ಬಸ್ಸಿನಲ್ಲಿ ಆ ದನಿಗೆ ಕಿವಿಗೊಟ್ಟು, ಇಳಿಯುವ ಜಾಗ ದಾಟಿ ಎಲ್ಲೋ ಹೋಗಿ ಎಚ್ಚೆತ್ತ ಮೇಲೆ, ವಾಪಸು ಬಂದು ಡಿಪ್ಲೊಮಾ ಬಿಡುತ್ತೇನೆಂದೂ ಒಂದು ಪೇಪರನ್ನು ಮುಂದಿನ ವರ್ಷ ಬರೆಯುತ್ತೇನೆಂದೂ ಆಫೀಸಿನಲ್ಲಿ ಬರೆದುಕೊಟ್ಟಳು.

ಅಂದು ಸಂಜೆ ವಿಮಲಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕುಸುಮಾ ಪಕ್ಕದಲ್ಲಿ ಕೂತು, ಶಾಸನದ ಓದು ಬಿಟ್ಟೆನೆಂದು ಹೇಳಿದಳು. ವಿಮಲಮ್ಮನ ಕೈ ನಿಂತಿತು.

"ಹಂಗಾರೆ ಅವ್ಳು ಓದೋದು ಬಿಟ್ಬಿಟ್ಲಾ?"

ಇಷ್ಟು ದಿನ ತನ್ನನ್ನು ಬಸ್ಸಿಗೆ ಕಳಿಸುವಾಗ ಅವ್ವ ಯಾರನ್ನು ಕಳಿಸುತ್ತಿದ್ದರು ಎಂಬುದು ಕುಸುಮಾಳಿಗೆ ಆಗ ಅರ್ಥವಾಯಿತು. ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿ, "ಅವಳು ಇಲ್ಲ ಕಣವ್ವ," ಎಂದಳು. ಆ ಮನೆಯಲ್ಲಿ ಆ ಮಾತನ್ನು ಮೊದಲು ಆಡಿದವಳು ಅವಳೇ. ವಿಮಲಮ್ಮ ಎದ್ದು ಒಳಗೆ ಹೋದರು. ವಾರಗಟ್ಟಲೆ ಮಗಳೊಡನೆ ಮಾತಾಡಲಿಲ್ಲ.

ಮಳೆ ಕಳೆದ ಮೇಲೆ, ಅಮೃತಾಳ ಕಾರ್ಯ ಮಾಡಿಸಿ ಎಂದು ಅಳಿಯನಿಗೆ ಅವರೇ ಹೇಳಿದರು. ಸ್ವಾಮಿಗಳು ಬಂದು ಶಿವಗಣಾರಾಧನೆ ನಡೆಯಿತು. ಕುಸುಮಾ ಉಳಿಸಿಕೊಂಡಿದ್ದ ಪೇಪರನ್ನು ಜೂನಿಯರ್‌ಗಳ ಜೊತೆ ಕೂತು ಬರೆದು, ಎರಡನೆಯ ದರ್ಜೆಯಲ್ಲಿ ಎಂ.ಎ. ಮುಗಿಸಿದಳು. ಬೇಕೆಂದು ಕಿವಿಗೊಟ್ಟರೂ ಆ ದನಿ ಮತ್ತೆ ಬರಲಿಲ್ಲ. ಅದನ್ನು ತಾನೇ ಹೊರಗೆ ಹಾಕಿ ಬಾಗಿಲು ಹಾಕಿಕೊಂಡೆನೇನೋ ಎಂಬ ಅಳುಕು ಮಾತ್ರ ಅವಳನ್ನು ಬಿಡಲಿಲ್ಲ.