ಟ್ಯಾಕೆಟ್‌ನ ಅಂಗಿ

ನಮ್ಮ ಹಾಲಿವುಡ್ಡಿನ ಅಗ್ಗದ ಕೌಬಾಯ್ ಚಿತ್ರಗಳಲ್ಲಿ ಆರ್ವಿಲ್ ಟ್ಯಾಕೆಟ್ ಬದುಕಿಡೀ ಖಳನ ಬಂಟನಾಗಿ ಗುಂಡೇಟು ತಿಂದು ಕುದುರೆಯಿಂದ ಬಿದ್ದ. ಕೊನೆಯ ಸಲ ಬಿದ್ದವನು ನಿಜವಾಗಿಯೂ ಏಳಲಿಲ್ಲ. ದರಿದ್ರ ಕಂಪನಿ ಆ ದೃಶ್ಯವನ್ನೂ ಎಸೆಯದೆ, ಹೊಸ ಚಿತ್ರಗಳಿಗೆಲ್ಲ ಅದನ್ನೇ ಅಂಟಿಸಿತು. ಹೊಂದಿಕೆಯಾಗಲೆಂದು ಅವನ ಚೌಕುಳಿ ಅಂಗಿಯನ್ನು ನನಗೆ ತೊಡಿಸಿದರು. ಹತ್ತಿರದಿಂದ ಕಾಣುವ ಮುಖ ನನ್ನದು, ದೂರದಲ್ಲಿ ಬೀಳುವ ಮೈ ಅವನದು.

ಚಿತ್ರ ಬಿಡುಗಡೆಯಾದ ದಿನ ಟಾಕೀಸಿನ ಬಾಗಿಲಲ್ಲಿ ಅವನ ಹೆಂಡತಿ ವರ್ನಾ ನನ್ನನ್ನು ತಡೆದಳು.

"ಏನೋ ಡೂಲಿ, ಕುದುರೆ ಹತ್ತೋವಾಗ ನೀನಿದ್ದೆ. ಬೀಳೋವಾಗ ನಮ್ಮೋರನ್ನ ಮುಂದೆ ತಳ್ಳಿದ್ಯಲ್ಲೋ!"

"ನಾನೇ ಬೀಳ್ತೀನಿ ಅಂದೆ ಅಕ್ಕಾ. ಅವನಷ್ಟು ಚೆನ್ನಾಗಿ ಬೀಳಲ್ಲ ನೀನು ಅಂದ್ರು ಕಂಪನಿಯವ್ರು."

"ಇನ್ನೆಷ್ಟು ಸಲ ಸಾಯಿಸ್ತೀರೋ ಅವ್ರನ್ನ?"

ಮರುದಿನದ ಶೂಟಿಂಗಿಗೆ ಆ ಅಂಗಿಯನ್ನು ಆಗಲೇ ಒಗೆದು, ಇಸ್ತ್ರಿ ಮಾಡಿ ಇಟ್ಟಿದ್ದರು.