ಒಂದೇ ಸರ್‌ನೇಮಿನ ಗಂಡ ಹೆಂಡತಿ

ತೊಂಬತ್ತರ ದಶಕದ ನಡುವಿನಲ್ಲಿ ನಂಜನಗೂಡಿನ ನಮ್ಮ ಮನೆಯ ಹಿಂಭಾಗಕ್ಕೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಾಡಿಗೆಗೆ ಬಂತು. ಮಂಗಳೂರು ಕಡೆಯ ಕ್ರೈಸ್ತರು. ಗಂಡನಿಗೆ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಅವನ ಹೆಸರಿನ ಕೊನೆಗೆ ‘ಲೋಬೊ’ ಎಂದಿತ್ತು. ನಮ್ಮಲ್ಲಿ ಹೆಸರಿಗೆ ಊರಿನದೊಂದು, ಅಪ್ಪನದೊಂದು ಅಕ್ಷರ ಸೇರಿಸಿದರೆ ಮುಗಿಯಿತು. ಇದು ಪೋರ್ಚುಗೀಸರ ಕಾಲದ ಹೆಸರು, ತೋಳ ಎಂದು ಅರ್ಥ ಎಂದು ಅವನೇ ನಗುತ್ತ ಹೇಳಿದ. ಅಮ್ಮ ನಗಲಿಲ್ಲ.

ನಾನು ಆಗ ಪಿಯುಸಿ. ಅವನ ಹೆಂಡತಿ ಸಂಜೆ ಹೊತ್ತು ನನಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಒಂದು ದಿನ ತಾನೂ ಕೆಲಸಕ್ಕೆ ಅರ್ಜಿ ಹಾಕಬೇಕು, ಮಾರ್ಕ್ಸ್ ಕಾರ್ಡನ್ನು ಜೆರಾಕ್ಸ್ ಮಾಡಿಸಿಕೊಂಡು ಬಾ ಎಂದು ಕಳಿಸಿದಳು. ಅಂಗಡಿಯಲ್ಲಿ ನಿಂತು ಓದಿದೆ. ಮದುವೆಗೆ ಎಷ್ಟೋ ವರ್ಷ ಮುಂಚಿನ ಎಸ್ಸೆಸ್ಸೆಲ್ಸಿ ಕಾರ್ಡು. ಅದರಲ್ಲೂ ಅವಳು ಲೋಬೊ. ಅವಳ ತಂದೆಯೂ ಲೋಬೊ.

ಕಾರ್ಡನ್ನು ಅವಳ ಕೈಗೆ ಕೊಡುವ ಮೊದಲೇ ಅಮ್ಮನಿಗೆ ಹೇಳಿಬಿಟ್ಟೆ. ಏನೋ ದೊಡ್ಡದನ್ನು ಪತ್ತೆ ಹಚ್ಚಿದ ಹೆಮ್ಮೆ ಇತ್ತು, ಸುಳ್ಳು ಯಾಕೆ. ನಮ್ಮಲ್ಲಿ ಒಂದೇ ಬೆಡಗಿನ, ಅಂದರೆ ಒಂದೇ ವಂಶದವರೆಂದರೆ ಅಣ್ಣತಂಗಿಯರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ಅಂದಿನಿಂದ ಅಮ್ಮ ಬಟ್ಟೆ ಒಣಹಾಕುವ ನೆಪದಲ್ಲಿ ಅವರ ಕಿಟಕಿಯತ್ತ ನೋಡತೊಡಗಿದಳು. ಇಬ್ಬರ ಮೂಗೂ ಒಂದೇ ಥರ ಇದೆಯೆಂದಳು. ನನಗೂ ಹಾಗೇ ಕಂಡಿತು. ಊರಿಂದ ಅವರನ್ನು ನೋಡಲು ಯಾರೂ ಬಂದಿಲ್ಲವೆಂಬುದು ನೆನಪಾಯಿತು. ಅವರು ತಮ್ಮೊಳಗೆ ಕೊಂಕಣಿ ಆಡಿದರೆ ನಮ್ಮಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಅವರು ಚರ್ಚಿನಿಂದ ಬರುತ್ತಿದ್ದಂತೆ ಅಮ್ಮ ಜಗಲಿಯ ಹತ್ತಿರವೇ ತಡೆದಳು.

“ನಿಜ ಯೋಳವ್ವ. ನೀವಿಬ್ರೂ ಒಂದೇ ಮನೆಯೋರಾ?”

ಅವಳು ಮೊದಲು ನನ್ನ ಕಡೆ ನೋಡಿದಳು. “ಅಲ್ಲ ಅಕ್ಕ. ಹೆಸರು ಮಾತ್ರ ಒಂದೇ. ನಮ್ಮ ಕಡೆ ಈ ಹೆಸರಿನವರು ತುಂಬ ಜನ ಇದ್ದಾರೆ, ಎಲ್ಲರೂ ಸಂಬಂಧಿಕರಲ್ಲ.”

“ಸಂಬಂಧ ಇಲ್ದೆ ಒಂದೇ ಎಸ್ರು ಎಂಗ್ ಬತ್ತದೆ?”

ಗಂಡ ಒಳಗಿಂದ ಚರ್ಚಿನ ಮದುವೆ ಪತ್ರ ತಂದ. ಅಪ್ಪ ಕನ್ನಡಕ ಹಾಕಿಕೊಂಡು ಓದಿ, ಇಬ್ಬರ ಅಪ್ಪ ಅಮ್ಮ, ಊರು ಎಲ್ಲ ಬೇರೆ ಬೇರೆ ಎಂದ. ಕಾಗದ ಯಾರು ಬೇಕಾದರೂ ಬರೆಸಬಹುದು ಎಂದಳು ಅಮ್ಮ. ಬೀದಿಯಲ್ಲಿ ಮಾತು ಹಬ್ಬಿತು. ತಿಂಗಳೊಳಗೆ ಅವರು ತಿ. ನರಸೀಪುರದಲ್ಲಿ ಮನೆ ಹಿಡಿದು ಹೋದರು. ಅಲ್ಲಿಂದ ಅವನು ದಿನಾ ಬಸ್ಸು ಬದಲಿಸಿಕೊಂಡು ತಾಂಡ್ಯಕ್ಕೆ ಬರುತ್ತಿದ್ದಾನೆಂದು ಅಪ್ಪ ಒಮ್ಮೆ ಹೇಳಿದ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ನಾನು ಶಿಕ್ಷಕಿಯಾಗಿದ್ದಾಗ, ಸಹೋದ್ಯೋಗಿಯೊಬ್ಬಳ ಮದುವೆಗೆ ಮಂಗಳೂರಿನ ಹತ್ತಿರದ ಹಳ್ಳಿಗೆ ಹೋದೆ. ಚರ್ಚಿನ ಪಕ್ಕದ ಸಮಾಧಿಗಳ ಮೇಲೆ ಸಾಲುಸಾಲಾಗಿ ಅದೇ ಹೆಸರು. ಇವರೆಲ್ಲ ಒಂದೇ ಕುಟುಂಬದವರೇ ಎಂದು ಮದುಮಗಳ ಅಜ್ಜನನ್ನು ಕೇಳಿದೆ. ಹಿಂದೆ ಗೋವೆಯಲ್ಲಿ ದೀಕ್ಷೆ ಕೊಟ್ಟ ಪಾದ್ರಿಯ ಹೆಸರನ್ನೋ, ಸಾಕ್ಷಿ ನಿಂತ ದೊಡ್ಡ ಮನುಷ್ಯನ ಹೆಸರನ್ನೋ ಜನಕ್ಕೆ ಇಡುತ್ತಿದ್ದರಂತೆ. ಒಬ್ಬರಿಗೊಬ್ಬರಿಗೆ ರಕ್ತಸಂಬಂಧ ಇಲ್ಲದಿದ್ದರೂ ಹತ್ತಾರು ಮನೆಗಳಿಗೆ ಒಂದೇ ಹೆಸರು. ಆಮೇಲೆ ಅವರೆಲ್ಲ ಕರಾವಳಿಗುಂಟ ದಕ್ಷಿಣಕ್ಕೆ ಬಂದರು. ತಾವೂ ಲೋಬೊ, ತಮ್ಮ ಹೆಂಡತಿಯ ತೌರಿನವರೂ ಲೋಬೊಗಳೇ ಎಂದರು ಅವರು. ನನಗೆ ಆ ಮಾರ್ಕ್ಸ್ ಕಾರ್ಡು ನೆನಪಾಯಿತು.

ಊರಿಗೆ ಬಂದು ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಇರ್ಬೋದು. ಆದ್ರೆ ಆ ಮೂಗು?” ಎಂದಳು.

ಅದಾದ ಮುಂದಿನ ವರ್ಷ ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ, ತಲಕಾಡಿನ ಬಸ್ಸಿಗೆ ಕಾಯುತ್ತಿದ್ದಾಗ, ನನಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಅವಳು ಸಿಕ್ಕಳು. ಜೊತೆಗೆ ಮಗಳಿದ್ದಳು. ಗುರುತು ಹಿಡಿದು ನಕ್ಕಳು, ಅಮ್ಮನ ಆರೋಗ್ಯ ವಿಚಾರಿಸಿದಳು. ಕ್ಷಮೆ ಕೇಳಲು ಒಮ್ಮೆ ಅವರ ಮನೆಗೇ ಹೋಗಬೇಕೆಂದುಕೊಂಡು, ಈಗ ಎಲ್ಲಿದ್ದೀರಿ ಎಂದು ಕೇಳಿದೆ.

ಅವಳ ನಗು ನಿಂತಿತು. ಮಗಳನ್ನು ತನ್ನ ಬದಿಗೆ ಎಳೆದುಕೊಂಡಳು.

“ಯಾಕೆ ಕೇಳಿದ್ದು?” ಎಂದಳು.

ಅಷ್ಟರಲ್ಲಿ ಅವರ ಬಸ್ಸು ಬಂತು. ಮಗಳನ್ನು ಮುಂದೆ ಬಿಟ್ಟುಕೊಂಡು ಅವಳು ಹತ್ತಿದಳು.