ಸುಲ್ತಾನನ ಠೀವಿ ಮಾರಿದ ಪಂಪಣ್ಣ

ಪಂಪಣ್ಣನಿಗೆ ಬಲಗಿವಿ ಅರ್ಧ ಮಾತ್ರ ಇತ್ತು. ಉಳಿದರ್ಧ ಸುಲ್ತಾನನೆಂಬ ಕುದುರೆಯ ಬಾಯಲ್ಲಿ ಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ ಕೂದಲು ಬಿಟ್ಟೋ ಮಫ್ಲರ್ ಸುತ್ತಿಯೋ ಮುಚ್ಚಿಕೊಳ್ಳುತ್ತಿದ್ದರು. ಪಂಪಣ್ಣ ಹಾಗಲ್ಲ. ಗಿರಾಕಿ ಬಂದು ಕೂತ ಕೂಡಲೇ ಮುಖ ತಿರುಗಿಸಿ ಕಿವಿ ತೋರಿಸುತ್ತಿದ್ದ. "ನೋಡ್ರಿ, ಸುಲ್ತಾನ ಸಹಿ ಮಾಡ್ಯಾನ. ಇಷ್ಟು ಬೆಂಕಿ ಐತಿ ಅದರಾಗ. ಬೆಂಕಿ ಇಲ್ದ ಕುದ್ರಿ ಓಡ್ತೈತೇನ್ರಿ?" ಗಿರಾಕಿ ನಗುತ್ತಿದ್ದ. ನಕ್ಕ ಗಿರಾಕಿ ಪಂಪಣ್ಣನ ಕೈಯಿಂದ ತಪ್ಪಿಸಿಕೊಂಡು ಹೋದದ್ದನ್ನು ನಾನು ಕಂಡಿಲ್ಲ.

ಅವನ ಕೆಲಸ ಏನೆಂದು ಊರವರಿಗೆ ಹೇಳುವುದೇ ಕಷ್ಟ. ಸಂಡೂರಿನಿಂದ ವಡ್ಡು ಕಡೆಗೆ ಹೋಗುವ ದಾರಿಯಲ್ಲಿ ಒಬ್ಬ ಗಣಿ ಸಾಹುಕಾರರ ಸ್ಟಡ್ ಫಾರ್ಮ್ ಇತ್ತು, ರೇಸ್ ಕುದುರೆಗಳನ್ನು ಹುಟ್ಟಿಸುವ ಜಾಗ. ಸುಲ್ತಾನನಂಥ ಅಲ್ಲಿನ ಗಂಡು ಕುದುರೆಯ ಬಳಿ ಒಂದು ಸೀಸನ್ನಿಗೆ ಒಂದು ಹೆಣ್ಣು ಕುದುರೆಯನ್ನು ಗಬ್ಬಕ್ಕೆ ಬಿಡಿಸುವ ಹಕ್ಕನ್ನು ಮಾರುವವನು ಪಂಪಣ್ಣ. ದನಗಳಿಗೆ ಮಾಡಿದಂತೆ ಇಂಜೆಕ್ಷನ್‌ನಲ್ಲಿ ಮುಗಿಸುವ ಹಾಗಿಲ್ಲ, ಈ ಜಾತಿಯ ಕುದುರೆಗಳಿಗೆ ಅದು ನಿಷಿದ್ಧ. ಎಷ್ಟು ದೂರವಾದರೂ ಹೆಣ್ಣೇ ಲಾರಿ ಹತ್ತಿ ಗಂಡಿನ ಮನೆಗೆ ಬರಬೇಕು. ಹೀಗೆ ಬಂದವರನ್ನೆಲ್ಲ ಪಂಪಣ್ಣ ಬೀಗರೆಂದೇ ಕರೆಯುತ್ತಿದ್ದ. "ಬರ್ರಿ ಬೀಗ್ರೆ, ಕುಂದ್ರಿ. ಹುಡುಗಿ ಹ್ಯಾಂಗದಾಳ? ದಾರ್ಯಾಗ ಮೇವು ತಿಂದ್ಳಾ?" ಎಂದು ಕೇಳುವಾಗ ಅವನ ಮುಖದಲ್ಲಿ ತಮಾಷೆ ಇರುತ್ತಿರಲಿಲ್ಲ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಗಾದಿಗನೂರಿನಲ್ಲಿ ವಿಧವೆ ತಂಗಿಯ ಮನೆಯಲ್ಲೇ ಇದ್ದ. ಆಕೆ, "ಮನುಷ್ಯಾರ ಲಗ್ನ ಬಿಟ್ಟು ಕುದ್ರಿ ಲಗ್ನ ಮಾಡಸ್ತಾನ ನಮ್ಮಣ್ಣ" ಎಂದು ನೆರೆಯವರೊಂದಿಗೆ ನಗುತ್ತಿದ್ದಳು.

ನನ್ನದು ಹೊಸಪೇಟೆಯಲ್ಲಿ ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಈಚೆಗೆ ಹಂಪಿಯ ಬಂಡೆಗಳ ಮೇಲೆ ಮದುವೆಗೆ ಮುಂಚಿನ ಜೋಡಿಗಳು. ಇವುಗಳ ನಡುವೆ ವರ್ಷಕ್ಕೊಮ್ಮೆ ಪಂಪಣ್ಣ ಬಂದು, "ವಿರೂಪಾ, ಕ್ಯಾಮೆರಾ ಒರಸ್ಕೊಂಡು ಜಲ್ದಿ ಬಾರಲೇ, ನಮ್ಮ ವರಗೋಳು ಸ್ನಾನ ಮಾಡಿ ನಿಂತಾವ" ಎಂದು ಹೊರಡಿಸುತ್ತಿದ್ದ. ಫಾರ್ಮಿನ ಬಿಳಿ ಬೇಲಿಗೆ ಅದಿರಿನ ಧೂಳು ಕೂತು ಕೆಂಪಗಾಗುತ್ತಿತ್ತು. ಅದಕ್ಕೇ ಮಳೆ ಬಂದು ಹೋದ ಮಾರನೆಯ ಬೆಳಿಗ್ಗೆಯೇ ಫೋಟೋ ಆಗಬೇಕು. ಅಷ್ಟರೊಳಗೆ ಗಣಿಯ ಲಾರಿಗಳು ಶುರುವಾದರೆ ಪಂಪಣ್ಣ ರಸ್ತೆಯ ಕಡೆ ತಿರುಗಿ ಬಯ್ಯುತ್ತ ನಿಲ್ಲುತ್ತಿದ್ದ.

ಸುಲ್ತಾನನಿಗೆ ರೇಸ್ ಕುದುರೆಗಳ ದಾಖಲೆ ಪುಸ್ತಕದಲ್ಲಿ ಒಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಓಡುವ ಕಾಲಕ್ಕೆ ಹೆಸರುವಾಸಿ ಕುದುರೆ. ಎಡಗಾಲಿಗೆ ಏನೋ ಪೆಟ್ಟಾಗಿ ರೇಸ್ ಬಿಟ್ಟಿತ್ತು. ಅಪಘಾತ ಎಂದು ಕಾಗದದಲ್ಲಿತ್ತು, ಎಲ್ಲರೂ ನಂಬಿದ್ದರು. ನಾನು ಮೊದಲ ಸಲ ಅದನ್ನು ಕಂಡಾಗ ಕತ್ತು ಎತ್ತಿ, ಎಡ ಮುಂಗಾಲನ್ನು ಒಂದಿಷ್ಟು ಮುಂದೆ ಚಾಚಿ ನಿಂತಿತ್ತು. ಪಂಪಣ್ಣ ನನ್ನ ಭುಜ ಅದುಮಿದ. "ಹೊಡಿಲೇ, ಹಿಂಗ ಇದ್ದಾಗ ಹೊಡಿ. ಇದಕ್ಕ ಠೀವಿ ಅಂತಾರ. ದರ್ಬಾರಿನಾಗ ಅರಸ ಕಾಲು ಚಾಚಿ ಕುಂತಂಗ." ಆ ಫೋಟೋ ಬಹಳ ಚೆನ್ನಾಗಿ ಬಂತು. ಮುಂದೆ ಸುಲ್ತಾನನ ಮರಿಗಳು ಹುಟ್ಟಿದಾಗ ಅವೂ ಹಾಗೇ ನಿಲ್ಲುತ್ತಿದ್ದವು. ಮರಿ ಎಡಗಾಲು ಚಾಚುವವರೆಗೆ ಕಾದು ನಾನು ಕ್ಲಿಕ್ಕಿಸಬೇಕಿತ್ತು. ಕೊಳ್ಳುವವರೂ ಹರಾಜಿನಲ್ಲಿ ಅದನ್ನೇ ಹುಡುಕತೊಡಗಿದರು. 'ಸುಲ್ತಾನನ ಠೀವಿ' ಎಂಬುದು ಪಂಪಣ್ಣ ಹುಟ್ಟಿಸಿದ ಮಾತು, ಅದು ಮದರಾಸಿನವರೆಗೂ ಹೋಯಿತು.

ದೂರದಿಂದ ಬಂದ ಬೀಗರನ್ನು ಅವನು ಮೊದಲು ಫಾರ್ಮಿಗೆ ಕರೆದೊಯ್ಯುತ್ತಿರಲಿಲ್ಲ. ಹಂಪಿಗೆ, ಮಹಾನವಮಿ ದಿಬ್ಬಕ್ಕೆ ಕರೆದೊಯ್ದು ಕಲ್ಲಿನಲ್ಲಿ ಕೆತ್ತಿದ ಕುದುರೆಗಳನ್ನು ತೋರಿಸುತ್ತಿದ್ದ. ನಮ್ಮ ವ್ಯಾಪಾರ ಇಲ್ಲಿಂದಲೇ ನಡೆದು ಬಂದದ್ದು ಎಂದು ಗತ್ತಿನಿಂದ ಹೇಳಿ, ಕುದುರೆ ಹಿಡಿದ ಒಬ್ಬನ ಮೇಲೆ ಬೆರಳಿಡುತ್ತಿದ್ದ. "ಇಂವ ಎಲ್ಲಿ ನಿಂತಾನ ನೋಡ್ರಿ. ಹೆಗಲ ಬಾಜೂಕ. ಕಲ್ಲಿನಾಗೂ ಕುದ್ರಿ ಮುಂದ ನಿಂತಿಲ್ಲ." ಅದು ಅವನ ಒಂದೇ ಒಂದು ಶಾಸ್ತ್ರ. ಕುದುರೆಗೆ ಎದುರಾಗಿ ನಿಲ್ಲಬಾರದು. ಅದರಲ್ಲೂ ನೋವಿರುವ ಕಾಲಿನ ಮುಂದೆ ನಿಲ್ಲಲೇಬಾರದು, ನೋವಿರುವ ಕಾಲೇ ಮೊದಲು ಬರುವುದು. ನಾನು ಲೆನ್ಸ್ ಹಿಡಿದು ಹತ್ತಿರ ಹೋದಾಗಲೆಲ್ಲ ಕಾಲರ್ ಹಿಡಿದು ಪಕ್ಕಕ್ಕೆ ಎಳೆಯುತ್ತಿದ್ದ. "ನಿನ್ನ ಫೋಟೋಕ್ಕ ಹಾರ ಹಾಕಸ್ತೀಯೇನಲೇ?"

ಸುಲ್ತಾನನ ಮೊದಲ ಮರಿಗಳು ಬೆಳೆದು ಬೆಂಗಳೂರಿನಲ್ಲಿ ಓಡತೊಡಗಿದಾಗ ಪಂಪಣ್ಣನ ಸಂಭ್ರಮ ನೋಡಬೇಕಿತ್ತು. ತಂಗಿಯ ಮಗ ಮಂಜುನಾಥನೂ ಅಷ್ಟರಲ್ಲಿ ಅಲ್ಲಿ ಜಾಕಿಯಾಗಿದ್ದ. ಸಣಕಲು ಮೈ, ಹಗುರ ಕೈ ಎಂದು ಪಂಪಣ್ಣನೇ ಅವನನ್ನು ಕುದುರೆ ಸವಾರಿಗೆ ಸೇರಿಸಿದ್ದು. ಮಾವ ಹುಟ್ಟಿಸಿದ ಕುದುರೆಯನ್ನು ಅಳಿಯ ಓಡಿಸುತ್ತಾನೆಂದು ಫಾರ್ಮಿನಲ್ಲಿ ಎಲ್ಲರಿಗೂ ಪೇಡೆ ಹಂಚಿದ. ಆಮೇಲೆ ಒಂದು ಮರಿ ತಿರುವಿನಲ್ಲಿ ಕಾಲು ಮುರಿದುಕೊಂಡಿತು. ರೇಸ್ ಕುದುರೆಯ ಕಾಲು ಹಾಗೆ ಮುರಿದರೆ ಸುತ್ತ ಹಸಿರು ಪರದೆ ಹಿಡಿಯುತ್ತಾರೆ, ಡಾಕ್ಟರು ಒಳಗೆ ಹೋಗಿ ಒಂದು ಸೂಜಿ ಚುಚ್ಚಿ ಹೊರಗೆ ಬರುತ್ತಾರೆ. ನೆಲ ಗಟ್ಟಿಯಿತ್ತು ಎಂದರು. ಮುಂದಿನ ಸೀಸನ್ನಿನಲ್ಲಿ ಇನ್ನೊಂದು. ಅದೃಷ್ಟ ಸರಿಯಿಲ್ಲ ಎಂದರು. ಮೂರನೆಯದು ಬಿದ್ದಾಗ ಅದರ ಬೆನ್ನಿಗೇ ಬರುತ್ತಿದ್ದ ಕುದುರೆಯ ಮೇಲೆ ಮಂಜುನಾಥನಿದ್ದ. ಅವನ ಕುದುರೆ ಬಿದ್ದದ್ದರ ಮೇಲಿಂದ ಹಾರಿ ಪಾರಾಯಿತು. ಕಾಲು ಮುರಿದ ಕುದುರೆಯ ಜಾಕಿಗೆ ಈಗಲೂ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ.

ಆ ವಾರವೇ ಪಂಪಣ್ಣ ಹರಾಜಿನ ಹೊಸ ಕ್ಯಾಟಲಾಗಿಗೆ ಫೋಟೋ ಆರಿಸಲು ಸ್ಟುಡಿಯೋಗೆ ಬಂದ. ನಾನು ಸುಲ್ತಾನನ ಇಷ್ಟೂ ವರ್ಷದ ಮರಿಗಳನ್ನು ಒಂದೇ ಪುಟಕ್ಕೆ ಸಾಲಾಗಿ ಜೋಡಿಸಿಟ್ಟಿದ್ದೆ, ಖುಷಿಪಡುತ್ತಾನೆಂದು. ಅವನು ಖುರ್ಚಿ ಎಳೆದುಕೊಂಡು ಸ್ಕ್ರೀನಿನ ಹತ್ತಿರ ಕೂತ. ಸಾಲು ಸಾಲಾಗಿ ಅದೇ ಎಡಗಾಲು, ಅದೇ ಚಾಚಿದ ಗೊರಸು. ಕಾಲು ಮುರಿದು ಸತ್ತ ಮೂರೂ ಅದರಲ್ಲಿದ್ದವು. ಅವುಗಳ ಕಾಲಿನ ಮೇಲೆ ಒಂದೊಂದಾಗಿ ಹೆಬ್ಬೆರಳು ಇಡುತ್ತ ಹೋದ. ನಾನು ಚಹಾ ತರಿಸಿದ್ದೆ, ಅದು ಆರಿ ಕೆನೆ ಕಟ್ಟಿತು.

"ಎಲ್ಲಾ ಎಡಗಾಲೇ ಮುರಿದಾವ," ಎಂದ.

"ಇದು ಠೀವಿ ಅಲ್ಲಲೇ ವಿರೂಪಾ. ಭಾರ ಹಾಕಲಾರದ ಮುಂದ ಇಟ್ಟಾವ ಕಾಲು. ಇದು ನೋವು. ಹುಟ್ಟಿನಿಂದ ನೋವು. ತಂದಿ ಎಲುಬು ಬಂದೈತಿ ಇವಕ್ಕ. ನಾ ನೋವು ಮಾರೀನಿ, ಹೆಸರಿಟ್ಟು ಮಾರೀನಿ."

ಅರ್ಧ ಕಿವಿಯನ್ನು ಕೈಯಿಂದ ಮುಚ್ಚಿಕೊಂಡದ್ದನ್ನು ನಾನು ಕಂಡದ್ದು ಅಂದೇ. ನನಗೆ ಹೆದರಿಕೆಯಾಯಿತು. ಯಾಕೆಂದರೆ ಆ ಪುಟದಲ್ಲಿ ಸತ್ತವು ಮೂರೇ. ಉಳಿದವೆಲ್ಲ ಎಲ್ಲೋ ಓಡುತ್ತಿದ್ದವು, ಅಥವಾ ಓಡಲು ಬೆಳೆಯುತ್ತಿದ್ದವು.

ಸಾಹುಕಾರರ ಮುಂದೆ ಹೋಗಿ ಅವನು ಎಲ್ಲವನ್ನೂ ಹೇಳಿದ. ಅವರು ಸಿಟ್ಟಾಗಲಿಲ್ಲವಂತೆ. "ಡಾಕ್ಟರು ಹೇಳ್ಯಾರೇನು ಪಂಪಣ್ಣ? ಇಲ್ಲಲಾ. ಫೋಟೋ ನೋಡಿ ರೋಗ ಹೇಳೋದು ಯಾವಾಗ ಕಲತಿ?" ಎಂದು ನಕ್ಕು ಕಳಿಸಿದರಂತೆ. ಮಾರನೆಯ ದಿನವೇ ಕಂಪ್ಲಿಯಿಂದ ಈರಣ್ಣನೆಂಬ ಬಾಳೆ ತೋಟದ ರೈತ ತನ್ನ ಒಂದೇ ಹೆಣ್ಣು ಕುದುರೆಯನ್ನು ಲಾರಿಯಲ್ಲಿ ಹೇರಿಕೊಂಡು ಸುಲ್ತಾನನ ಬಳಿಗೆ ಬಂದ. ಪಂಪಣ್ಣ ಗೇಟಿಗೆ ಅಡ್ಡ ನಿಂತುಬಿಟ್ಟ. "ಬೀಗ್ರೆ, ಹುಡುಗೀನ ವಾಪಸ್ ಕರ್ಕೊಂಡು ಹೋಗ್ರಿ. ನಮ್ಮ ವರ ಚಲೋ ಇಲ್ಲ." ಈರಣ್ಣ ತಮಾಷೆ ಎಂದುಕೊಂಡ. ಪಂಪಣ್ಣ ಡ್ರೈವರನಿಗೆ ಕೈ ಮಾಡಿ ಲಾರಿ ತಿರುಗಿಸಿಯೇ ಬಿಟ್ಟ. ಆ ಸಂಜೆ ಅವನ ಕೆಲಸ ಹೋಯಿತು. ಸುಲ್ತಾನನಿಗೆ ಬೀಗರು ಮಾತ್ರ ಬರುತ್ತಲೇ ಇದ್ದರು. ಪಂಪಣ್ಣನ ಮಾತು ಅಷ್ಟು ಚೆನ್ನಾಗಿ ನಾಟಿತ್ತು, ಈಗ ಅದನ್ನು ಕೀಳಲು ಪಂಪಣ್ಣನಿಂದಲೂ ಆಗಲಿಲ್ಲ.

ಆಮೇಲೆ ಅವನಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ರೇಸಿನ ದಿನ ಮಧ್ಯಾಹ್ನ ನನ್ನ ಸ್ಟುಡಿಯೋಗೆ ಬಂದು ಹಿಂದಿನ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ನಾನು ಫೋನಿನಲ್ಲಿ ರೇಸ್ ನೋಡಬೇಕು. ಕಾಮೆಂಟರಿ ಏರಿ ಏರಿ ನಿಂತ ಮೇಲೆ ಅವನು ತಿರುಗದೆ ಕೇಳುತ್ತಿದ್ದ, "ಎಲ್ಲಾ ಬಂದ್ವೇನಲೇ?" ಯಾವುದು ಗೆದ್ದಿತು ಎಂದು ಒಮ್ಮೆಯೂ ಕೇಳಲಿಲ್ಲ. ಗೆರೆ ದಾಟಿದ ಕುದುರೆಗಳನ್ನು ನಾನು ಎಣಿಸಬೇಕು, ಕೊನೆಯದು ಬಹಳ ಹಿಂದೆ ಬಿದ್ದಿದ್ದರೆ ಮತ್ತೊಮ್ಮೆ ಎಣಿಸುತ್ತಿದ್ದೆ. "ಬಂದ್ವು ರೀ" ಎಂದರೆ ಎದ್ದು ಹೋಗಿ ಬೀಡಿ ಹಚ್ಚುತ್ತಿದ್ದ. ಫೋಟೋ ತೆಗೆಸಿಕೊಳ್ಳಲು ಬಂದವರು ಆ ಮುದುಕ ಯಾಕೆ ಹೀಗೆ ಗೋಡೆ ನೋಡುತ್ತಾನೆಂದು ಕೇಳುತ್ತಿದ್ದರು. ಕಣ್ಣು ಸರಿಯಿಲ್ಲ ಎನ್ನುತ್ತಿದ್ದೆ.

ಒಂದು ದಿನ ರೇಸ್ ಮುಗಿದ ಸ್ವಲ್ಪ ಹೊತ್ತಿಗೆ ಪಂಪಣ್ಣನ ಫೋನಿಗೆ ಮಂಜುನಾಥನ ಫೋಟೋ ಬಂತು. ಗೆದ್ದ ಕುದುರೆಯ ಮೇಲೆ ಕೂತು ಹಲ್ಲು ಬಿಟ್ಟಿದ್ದಾನೆ. ಕುದುರೆ ಸುಲ್ತಾನನ ಮಗ, ತಂದೆಯದೇ ಬಣ್ಣ. ನೋಡಿ ನಾನು ಮಸ್ತ್ ಬಂದಿದೆ ಎಂದೆ. ಪಂಪಣ್ಣ ಫೋಟೋ ದೊಡ್ಡದು ಮಾಡಿ ಕೆಳಕ್ಕೆ ಸರಿಸಿ ನನ್ನ ಮುಂದೆ ಹಿಡಿದ. ಎಡಗಾಲು ಮುಂದಿತ್ತು.

ತಕ್ಷಣ ಫೋನ್ ಮಾಡಿದ. ಸ್ಪೀಕರಿನಲ್ಲಿ ಮಂಜುನಾಥನ ಹಿಂದೆ ಗದ್ದಲ, ನಗು. "ಮಾಮಾ, ನೋಡಿದ್ರಿಲ್ಲೋ? ಠೀವಿ ಹ್ಯಾಂಗೈತಿ? ನೀವು ಹೇಳ್ತಿದ್ರಲ್ರಿ, ಅರಸ ಕುಂತಂಗ!"

"ಮಂಜಾ, ಅದರ ಮ್ಯಾಲ ಇನ್ನ ಹತ್ತಬ್ಯಾಡ. ನನ್ನ ಆಣಿ."

ಗದ್ದಲದಿಂದ ದೂರ ಬಂದನೆಂದು ಕಾಣುತ್ತದೆ, ದನಿ ತಗ್ಗಿತು. "ಗೊತ್ತೈತ್ರಿ ಮಾಮಾ. ಓಡಬೇಕಾದ್ರ ಒಂದೊಂದ್ಸಲ ಎಡಗಾಲು ಭಾರ ಹಾಕ್ದ ಕದ್ದು ಇಡತೈತಿ. ಹೇಳೀನಿ, ಕೇಳವಲ್ರು. ನಾ ಬ್ಯಾಡ ಅಂದ್ರ ಬ್ಯಾರೆ ಹುಡುಗನ್ನ ಹತ್ತಸ್ತಾರ. ಅವಂಗೂ ಒಬ್ಬ ಮಾಮಾ ಇರ್ತಾನಲ್ರಿ."

ಪಂಪಣ್ಣ ಫೋನ್ ಇಟ್ಟ. ಮರಿಗಳ ಸಾಲಿದ್ದ ಆ ಪುಟವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಡು ಎಂದು ನನಗೆ ಹೇಳಿದ. ಮಾರನೆಯ ದಿನ ನಾನೇ ಬೈಕಿನಲ್ಲಿ ಅವನನ್ನು ಹೊಸಪೇಟೆ ಸ್ಟೇಷನ್ನಿಗೆ ಬಿಟ್ಟೆ. ಗಿರಾಕಿಗಳ ಮುಂದೆ ಹಾಕಿಕೊಳ್ಳುತ್ತಿದ್ದ ಇಸ್ತ್ರಿಯ ಬಿಳಿ ಅಂಗಿ, ಬಗಲಲ್ಲಿ ಫೋಟೋ. ಬೆಂಗಳೂರಿನಲ್ಲಿ ಕುದುರೆಯ ಮಾಲೀಕರನ್ನು ಕಂಡು ಅದನ್ನು ರೇಸಿನಿಂದ ತೆಗೆಸುತ್ತೇನೆ ಎಂದ. ಅವರು ಒಪ್ಪದಿದ್ದರೆ ಎಂದು ಕೇಳಿದೆ.

"ಇಷ್ಟು ವರ್ಷ ಸುಳ್ಳು ಒಪ್ಪಿಸೀನಿ. ಖರೇದು ಒಪ್ಪಸಾಕ ಬರಂಗಿಲ್ಲೇನಲೇ ನನಗ?" ಎಂದು ನಕ್ಕ. ರೈಲು ಬಂತು. ಬಾಗಿಲಲ್ಲಿ ನಿಂತು, "ಮನಿಗೆ ಹೋಗು, ಬಿಸಲಾಗ ನಿಂದ್ರಬ್ಯಾಡ" ಎಂದ. ನಾನು ನೋಡಿದ್ದು ಅದೇ ಕೊನೆ.

ಉಳಿದದ್ದನ್ನು ಮಂಜುನಾಥ ಹೇಳಿದ, ಗಾದಿಗನೂರಿನಲ್ಲಿ, ಹೆಣ ತಂದ ಗಾಡಿಯ ಪಕ್ಕ ನಿಂತು. ಮಾಲೀಕರು, ಟ್ರೈನರು, ಡಾಕ್ಟರು ಎಲ್ಲರೂ ಲಾಯದ ಮುಂದೆ ಸೇರಿದ್ದರಂತೆ. ಫೋಟೋ ನೋಡಿ ನಕ್ಕರಂತೆ. ಎಲ್ಲಿದೆ ನೋವು, ನಡೆಯುತ್ತದೆ, ಓಡುತ್ತದೆ, ಗೆದ್ದಿದೆ ಎಂದರಂತೆ. ಪಂಪಣ್ಣ, ತೋರಿಸುತ್ತೇನೆ ಎಂದು ಒಳಗೆ ಹೋದ. ಹೋಗಿ ಕುದುರೆಯ ಎದುರು ಕೂತು, ಆ ಎಡಗಾಲಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿದ. ಕಾಲು ಬೀಸಿ ಬಂದು ಅವನ ಎದೆಗೆ ತಾಗಿತು. ಆ ಕಾಲನ್ನು ಮತ್ತೆ ನೆಲಕ್ಕೆ ಊರಲು ಕುದುರೆಯಿಂದ ಆಗಲಿಲ್ಲ. ಎಲ್ಲರ ಕಣ್ಣೆದುರಿಗೆ ಮೂರು ಕಾಲಿನ ಮೇಲೆ ನಿಂತಿತ್ತು. ಎಕ್ಸ್‌ರೇಯಲ್ಲಿ ಎಲುಬಿನ ಉದ್ದಕ್ಕೂ ಹಳೆಯ ಬಿರುಕು ಕಂಡಿತು. ಅದನ್ನು ರೇಸಿನಿಂದ ತೆಗೆದರು. ಪಂಪಣ್ಣ ಆಸ್ಪತ್ರೆ ಮುಟ್ಟಲಿಲ್ಲ.

"ಮಾಮಾ ಮುಂದ ಕುಂತಿದ್ರು ರೀ," ಎಂದ ಮಂಜುನಾಥ. "ಬಾಜೂಕಿಂದ ಒತ್ತಬೌದಿತ್ತು. ನನಗ ಸಣ್ಣಾಂವ ಇದ್ದಾಗಿಂದ ಹೇಳಿದ್ದು ಅದೊಂದೇ ಮಾತು. ಅವ್ರೇ ಮುಂದ ಕುಂತಿದ್ರು."

ಆತುರದಲ್ಲಿ ಮರೆತನೆಂದು ತಂಗಿಗೆ ಹೇಳಿದೆವು. ಪಂಪಣ್ಣ ಮರೆಯುವವನಲ್ಲ ಎಂಬುದು ಆಕೆಗೂ ಗೊತ್ತಿತ್ತು.

ಸುಲ್ತಾನ ಈಗಲೂ ಫಾರ್ಮಿನಲ್ಲಿದೆ. ಈ ವರ್ಷವೂ ಮಳೆ ಬಂದ ಮಾರನೆಯ ದಿನ ಫೋಟೋಕ್ಕೆ ಕರೆದರು, ನಾನು ಹೋಗಲಿಲ್ಲ. ಬೇರೆ ಯಾರೋ ತೆಗೆದಿದ್ದಾರೆ. ಮಂಜುನಾಥ ಸುಲ್ತಾನನ ಮಕ್ಕಳ ಮೇಲೆ ಹತ್ತುವುದಿಲ್ಲ, ಆದರೆ ಅವು ಅವನ ಮುಂದೆ, ಪಕ್ಕದಲ್ಲಿ ಓಡುತ್ತಲೇ ಇರುತ್ತವೆ. ರೇಸಿನ ದಿನ ಕೊನೆಯ ಓಟ ಮುಗಿದ ಮೇಲೆ ಅವನು ನನಗೆ ಫೋನ್ ಮಾಡುತ್ತಾನೆ. ನಾನು ಹಲೋ ಎನ್ನುವುದಿಲ್ಲ. ಅವನು "ಎಲ್ಲಾ ಬಂದ್ವು ರೀ" ಎನ್ನುವವರೆಗೆ ನಾನು ಗೋಡೆಗೆ ಮುಖ ಮಾಡಿ ಕೂತಿರುತ್ತೇನೆ.